ಕೃಷ್ಣಾಜಿ ಓದಿದ ನಕಾಶೆ

ಮೊದಲಿಗೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನ್ನ ಮನೆಯ ಮುಂದಿನ ಮೂರು ಮೆಟ್ಟಿಲುಗಳನ್ನು ನಾನೇ, ನನ್ನ ಕೈಯಾರೆ, ಹಾರೆ ಹಿಡಿದು ಕಿತ್ತೆ. ಜೆಸಿಬಿ ಬರಲಿಲ್ಲ, ಪೊಲೀಸರು ಬರಲಿಲ್ಲ, ನನಗೆ ಹುಚ್ಚೂ ಹಿಡಿದಿರಲಿಲ್ಲ. ಇಪ್ಪತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದ ಮಾಸ್ತರ ನಾನು. ಅಂದಾನೆಪ್ಪ ಮಾಸ್ತರ ಎಂದರೆ ಕಲಘಟಗಿಯಿಂದ ದುಮ್ಮವಾಡದ ತನಕ ನಾಲ್ಕು ಮಂದಿ ಕೈ ಮುಗಿಯುತ್ತಾರೆ. ಅಂಥವನು ಭಾನುವಾರ ಮಟಮಟ ಮಧ್ಯಾಹ್ನ ಲುಂಗಿ ಎತ್ತಿ ಕಟ್ಟಿ ಸ್ವಂತ ಮೆಟ್ಟಿಲು ಕೀಳಬೇಕಾದರೆ ಅದರ ಹಿಂದೆ ಕೃಷ್ಣಾಜಿ ಇರಲೇಬೇಕು.

ಕೃಷ್ಣಾಜಿ ನಮ್ಮ ಎದುರು ಮನೆಯವರು. ಸರ್ವೆ ಆಫೀಸಿನಲ್ಲಿ ಮೂವತ್ತೊಂದು ವರ್ಷ ನೌಕರಿ ಮಾಡಿ ನಿವೃತ್ತರಾದವರು. ಅಲ್ಲಿ ಅವರು ಕೂತದ್ದು ಆವಕ-ಜಾವಕದ ಟೇಬಲ್ಲಿನಲ್ಲಿ, ಅಂದರೆ ಬಂದ ಪತ್ರಕ್ಕೊಂದು ನಂಬರು, ಹೋಗುವ ಪತ್ರಕ್ಕೊಂದು ನಂಬರು ಹಾಕುವ ಕೆಲಸ. ಅಷ್ಟು ವರ್ಷಗಳಲ್ಲಿ ಸಾವಿರಾರು ನಕಾಶೆಗಳು ಅವರ ಕೈ ದಾಟಿ ಹೋದವು, ಎಲ್ಲವೂ ಲಕೋಟೆಯ ಒಳಗೆ. ಒಂದನ್ನೂ ಅವರು ಬಿಚ್ಚಿ ನೋಡಿದ್ದಿಲ್ಲ. ಈ ಸಂಗತಿ ಗೊತ್ತಿದ್ದವರು ಊರಲ್ಲಿ ಇಬ್ಬರೇ, ಒಬ್ಬರು ಅವರ ತಾಯಿ ದ್ವಾರಕಾಬಾಯಿ, ಇನ್ನೊಬ್ಬ ನಾನು. ಉಳಿದವರಿಗೆಲ್ಲ ಅವರು ಸರ್ವೆ ಸಾಹೇಬರು. ಹೊಲದ ಬದುವಿನ ತಕರಾರು ಬಂತೆಂದರೆ ಮಂದಿ ನಕಾಶೆ ಹಿಡಿದುಕೊಂಡು ಅವರಲ್ಲಿಗೆ ಬರುತ್ತಿದ್ದರು. ಕೃಷ್ಣಾಜಿ ಕನ್ನಡಕ ಏರಿಸಿ, ಕಾಗದವನ್ನು ಹೊರಳಿಸಿ ಮರಳಿಸಿ ನೋಡಿ, "ಇದರಾಗ ಭಾಳ ಅದ" ಎನ್ನುತ್ತಿದ್ದರು. ಅಷ್ಟಕ್ಕೇ ಬಂದವರು ಗಾಬರಿಬಿದ್ದು ತಮ್ಮತಮ್ಮಲ್ಲೇ ರಾಜಿಯಾಗಿ ಹೋಗುತ್ತಿದ್ದರು.

ಅವರ ಮನೆಯ ಮುಂದೆ ಒಂದು ಕಟ್ಟೆ ಇತ್ತು. ಕರಿಕಲ್ಲಿನದು, ಐದು ಮೊಳ ಉದ್ದ, ಓಣಿಯೊಳಗೆ ಎರಡೂವರೆ ಅಡಿ ಮುಂದೆ ಬಂದದ್ದು. ದ್ವಾರಕಾಬಾಯಿ ಸೊಸೆಯಾಗಿ ಬಂದ ವರ್ಷ ಅವರ ಮಾವನವರು ಕಟ್ಟಿಸಿದ್ದು. ಈಗ ಆಕೆಗೆ ಎಂಬತ್ಮೂರು. ಮೊಣಕಾಲು ಹಿಡಿದುಕೊಂಡಿದ್ದರಿಂದ ಅವರ ಪ್ರಪಂಚವೆಲ್ಲ ಹೊಸ್ತಿಲಿನಿಂದ ಕಟ್ಟೆಯ ತನಕ ನಾಲ್ಕು ಹೆಜ್ಜೆ. ಮುಂಜಾನೆ ಚಹಾದ ಬಟ್ಟಲು ಹಿಡಿದು ಬಂದು ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಯಾರು ಯಾವ ಬಸ್ಸಿಗೆ ಹೋದರು, ಯಾರ ಎಮ್ಮೆ ಈಯಿತು, ಯಾವ ಮನೆಯ ಸೊಸೆ ಉಣ್ಣದೆ ಕೂತಿದ್ದಾಳೆ ಎಲ್ಲವೂ ಅಲ್ಲಿಗೆ ಬಂದು ಅಲ್ಲಿಂದ ಮನೆಮನೆಗೆ ಹೋಗಬೇಕು. "ಒಳಗ ಕುಂತ್ರ ನಾ ಮುದಕಿ, ಹೊರಗ ಕುಂತ್ರ ದ್ವಾರಕಾಬಾಯಿ" ಎಂದು ಅವರೇ ಹೇಳುತ್ತಿದ್ದರು.

ಇನ್ನು ಒತ್ತುವರಿಯ ವಿಷಯ. ಸುಳ್ಳೇಕೆ ಹೇಳಲಿ, ನಮ್ಮ ಓಣಿಯಲ್ಲಿ ಕೈ ಶುದ್ಧ ಇದ್ದವರು ಯಾರೂ ಇರಲಿಲ್ಲ. ನನ್ನ ಮೂರು ಮೆಟ್ಟಿಲು ಪೂರಾ ಸರಕಾರದ ಜಾಗದಲ್ಲಿದ್ದವು. ಫಾತಿಮಾಬಿಯ ಹಿಟ್ಟಿನ ಗಿರಣಿಯ ತಗಡಿನ ಚಪ್ಪರ ಓಣಿಯ ಅರ್ಧಕ್ಕೆ ಬಂದಿತ್ತು. ಹನಮವ್ವನ ಸೆಗಣಿ ಕುಳ್ಳಿನ ಬಣವೆಯಂತೂ ವರ್ಷ ವರ್ಷ ದಪ್ಪವಾಗುತ್ತ ಹೋಗಿ, ಎದುರಿನಿಂದ ಎತ್ತು ಬಂದರೆ ಮನುಷ್ಯ ನಿಲ್ಲಬೇಕು, ಮನುಷ್ಯ ಬಂದರೆ ಎತ್ತು ನಿಲ್ಲಬೇಕು ಎನ್ನುವ ಹಾಗಾಗಿತ್ತು. ಪಂಚಾಯಿತಿಯವರು ಎಂಟು ವರ್ಷಗಳಲ್ಲಿ ಮೂರು ನೋಟೀಸು ಕೊಟ್ಟಿದ್ದರು. ಹನಮವ್ವ ಮೂರನ್ನೂ ಒಲೆ ಹೊತ್ತಿಸಲು ಬಳಸಿದಳು. ಕುಳ್ಳಿನ ವಿಷಯದ ಕಾಗದ ಕುಳ್ಳಿಗೇ ಸೇರಿತು ಎಂದು ನಾವೂ ನಕ್ಕೆವು.

ಹೀಗಿರುವಾಗ ಮೇ ತಿಂಗಳ ಒಂದು ಗುರುವಾರ ಕೃಷ್ಣಾಜಿಯ ಅಣ್ಣನ ಮಗಳು ಸಂಪದಾ ಹುಬ್ಬಳ್ಳಿಯಿಂದ ಬಂದಳು. ಜೊತೆಗೆ ಅವಳ ಕಾಲೇಜಿನ ಸುನಿತಾ, ಮುಜಫರ್. ಮೂವರೂ ಅನಿಮೇಶನ್ ಓದುವವರು. ಗುಂಪಿನಲ್ಲಿ ನಾಲ್ಕು ನಿಮಿಷದ ಒಂದು ಚಿತ್ರ ಮಾಡಬೇಕಂತೆ. ಅದರ ಆರಂಭದ ನಲವತ್ತು ಸೆಕೆಂಡಿಗೆ ಮೊದಲು ಸ್ಟೋರಿಬೋರ್ಡ್ ತಯಾರಿಸಿ, ಬುಧವಾರದೊಳಗೆ ತಮ್ಮ ಸರ್‌ಗೆ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಬೇಕಂತೆ. ಸ್ಟೋರಿಬೋರ್ಡ್ ಎಂದರೆ ಚಿತ್ರದಲ್ಲಿ ಏನೇನು ಆಗುತ್ತದೋ ಅದನ್ನು ಹಾಳೆ ಹಾಳೆಯಾಗಿ ಮೊದಲೇ ಬರೆದು ಸಾಲಾಗಿ ಹಚ್ಚುವುದು. ಕಲಘಟಗಿಯ ಬಣ್ಣದ ತೊಟ್ಟಿಲೊಂದು ಒಬ್ಬ ಮನುಷ್ಯನ ತಲೆಯ ಮೇಲೆ ಕೂತು ನಮ್ಮ ಓಣಿಗೆ ಬರುತ್ತದೆ, ಅಲ್ಲಿಂದ ಕಥೆ ಶುರು. ಇದನ್ನೆಲ್ಲ ಸಂಪದಾ ಪಡಸಾಲೆಯಲ್ಲಿ ಕೂತು ನಮಗೆ ಬಿಡಿಸಿ ಹೇಳಿದಳು. ನಾನು ಚೂಡಾ ತಿನ್ನುತ್ತಿದ್ದೆ, ಕೃಷ್ಣಾಜಿ ಕನ್ನಡಕ ಹುಡುಕುತ್ತಿದ್ದರು. ನಮ್ಮಿಬ್ಬರ ತಲೆಯಲ್ಲಿ ಉಳಿದದ್ದು 'ಕಾರ್ಟೂನು' ಎಂಬ ಒಂದು ಮಾತು ಮಾತ್ರ.

ಮೂರು ದಿನ ಆ ಮಕ್ಕಳು ಓಣಿಯಲ್ಲಿ ಓಡಾಡಿದರು. ಮುಜಫರ್ ಟೇಪು ಹಿಡಿದು ಅಗಲ ಅಳೆದ, ಸುನಿತಾ ಪ್ರತಿ ಮನೆಯ ಬಾಗಿಲಿನ ಮುಂದೆ ನಿಂತು ಬರೆದುಕೊಂಡಳು. ಭಾನುವಾರ ಎಂಟು ಗಂಟೆಯ ಬಸ್ಸಿಗೆ ತೊಟ್ಟಿಲು ಮಾಡುವವರ ಮನೆ ನೋಡಲು ಕಲಘಟಗಿಗೆ ಹೋದರು. ದ್ವಾರಕಾಬಾಯಿಯೂ ಅವರ ಜೊತೆ ಹೊರಟರು. ಕೃಷ್ಣಾಜಿಯ ತೊಟ್ಟಿಲು ತಂದದ್ದು ಯಾವ ಮನೆಯಿಂದ ಎಂಬುದು ಅವರಿಗಷ್ಟೇ ಗೊತ್ತಿತ್ತು. ವರ್ಷಕ್ಕೊಮ್ಮೆ ಆಕೆ ಕಟ್ಟೆ ಬಿಟ್ಟು ಹೋಗುವುದೇ ಹೆಚ್ಚು. ಹೋದದ್ದು ಅದೇ ದಿನ.

ಹತ್ತು ಗಂಟೆಗೆ ಕೃಷ್ಣಾಜಿ ನನ್ನನ್ನು ಕರೆದರು. ಅವರ ಮುಖ ಬಿಳುಚಿಕೊಂಡಿತ್ತು. ಪಡಸಾಲೆಯ ಗೋಡೆಯ ಮೇಲೆ ಮಕ್ಕಳು ಇಪ್ಪತ್ತನಾಲ್ಕು ಹಾಳೆಗಳನ್ನು ಸಾಲಾಗಿ ಹಚ್ಚಿದ್ದರು. ಮೇಲೆ ಹಾರುವ ಕಾಗೆಗೆ ಕಾಣುವ ಹಾಗೆ ನಮ್ಮ ಓಣಿಯನ್ನು ಬರೆದಿದ್ದರು.

"ಮಾಸ್ತರ, ಇದೇನು ಹೇಳ್ರಿ."

"ನಮ್ಮ ಓಣಿ ಐತ್ರಿ. ಚಂದ ತಗದಾರ."

"ಓಣಿ ಅನ್ನೂದು ಕುರುಡಗೂ ಕಾಣಸ್ತದ. ನಿಮ್ಮ ಮೆಟ್ಟಲಾ ಎಲ್ಲ್ಯವ?"

ನಾನು ಹತ್ತಿರ ಹೋದೆ. ನನ್ನ ನೀಲಿ ಬಾಗಿಲು ಇತ್ತು. ಬಾಗಿಲಿನ ಮೇಲಿನ ಬಿರುಕೂ ಇತ್ತು. ಮೆಟ್ಟಿಲು ಇರಲಿಲ್ಲ. ಕಣ್ಣೊರೆಸಿಕೊಂಡು ಬಾಜು ನೋಡಿದೆ. ಗಿರಣಿ ಇತ್ತು, ಚಪ್ಪರ ಇರಲಿಲ್ಲ. ಹನಮವ್ವನ ಮನೆ ಇತ್ತು, ಬಣವೆ ಇರಲಿಲ್ಲ. ಕೃಷ್ಣಾಜಿಯ ಮನೆಯ ಮುಂದೆ ಕಟ್ಟೆ ಇದ್ದ ಜಾಗ ಸಪಾಟಾಗಿತ್ತು. ಓಣಿ ಗೆರೆ ಹೊಡೆದ ಹಾಗೆ ನೆಟ್ಟಗೆ ಹೋಗಿತ್ತು. ಅದರ ನಡುವೆ ಕೆಂಪು ಪೆನ್ಸಿಲಿನ ಬಾಣ. ನನ್ನ ಬಾಗಿಲ ಮುಂದೆ ಕತ್ತರಿಯಾಕಾರದ ಒಂದು ಕೆಂಪು ಕಾಟು, ಗಿರಣಿಯ ಮುಂದೊಂದು, ಹನಮವ್ವನ ಮುಂದೊಂದು. ಕೃಷ್ಣಾಜಿಯ ಮನೆಯ ಮುಂದೆ ಮಾತ್ರ ದೊಡ್ಡದೊಂದು ಗುಂಡು ಗೆರೆ.

ಕೃಷ್ಣಾಜಿ ಕೋಲು ತೆಗೆದುಕೊಂಡು ನನಗೆ ತಿಳಿಸಿ ಹೇಳಿದರು. ಬಾಣ ಎಂದರೆ ಹೊಸ ರಸ್ತೆ. ಕಾಟು ಎಂದರೆ ಒಡೆಯಬೇಕಾದದ್ದು. ಸುತ್ತಲೂ ಹಾಕಿದ ಚುಕ್ಕೆ ಚುಕ್ಕೆಯ ಚೌಕಟ್ಟು ಸರಕಾರ ತೆಗೆದುಕೊಳ್ಳುವ ಜಾಗದ ಹದ್ದು. ಗುಂಡು ಗೆರೆ ಇದ್ದಲ್ಲಿ ನಾಲ್ಕು ದಾರಿ ಕೂಡುವ ಸರ್ಕಲ್ಲು ಬರುತ್ತದೆ, ನಡುವೆ ಯಾರದಾದರೂ ಪುತ್ಥಳಿ. ಯಾರದೆಂದು ಇದರಲ್ಲಿ ಬರೆದಿಲ್ಲ ಎಂದು ಸ್ವಲ್ಪ ಹೊತ್ತು ಹುಡುಕಿದರು ಕೂಡ.

ಇದು ಮಕ್ಕಳ ಕಾರ್ಟೂನು ಅಲ್ಲವೇ ಎಂದು ನಾನು ಕೇಳಿದ್ದು ಹೌದು. ಕಾರ್ಟೂನು ಆದರೆ ಇಲಿ ಎಲ್ಲಿದೆ, ಬೆಕ್ಕು ಎಲ್ಲಿದೆ ಎಂದು ಅವರು ತಿರುಗಿ ಕೇಳಿದರು. ಈಗ ಸರಕಾರ ಸರ್ವೆ ಮಾಡಿಸುವುದು ಕಾಲೇಜಿನ ಹುಡುಗರ ಕೈಯಿಂದಲೇ, ಅದಕ್ಕೇ ಟೇಪು ಹಿಡಿದು ಅಳೆದದ್ದು ಎಂದರು. ಹಾಗಿದ್ದರೆ ಸಂಪದಾಗೆ ಫೋನ್ ಮಾಡಿ ಕೇಳೋಣ ಎಂದು ನಾನು ಫೋನು ತೆಗೆದೆ. ಅದನ್ನು ಕಸಿದುಕೊಂಡರು.

"ಆಕಿಗೆ ಬಾಯಿಲೆ ಹೇಳಲಿಕ್ಕೆ ಬರೂದಿಲ್ಲ ಮಾಸ್ತರ. ಸರಕಾರದ ಗುಟ್ಟು ಅದು. ಅದಕ್ಕ ಕಾಕಾನ ಗ್ವಾಡಿಗೆ ಹಚ್ಚಿ ಹೋಗ್ಯಾಳ. ನಾ ಓದಿ ತಿಳಕೋತೀನಿ ಅನ್ನೂ ಭರೋಸೆ ಆಕಿಗೆ."

ಹೇಳುವಾಗ ಅವರ ಕಣ್ಣಲ್ಲಿ ನೀರಾಡಿತು. ಮೂವತ್ತೊಂದು ವರ್ಷ ಒಂದೂ ಲಕೋಟೆ ಬಿಚ್ಚದ ಮನುಷ್ಯ ಇವರು ಎಂದು ಅವರ ತಾಯಿಯನ್ನು ಬಿಟ್ಟರೆ ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ನಂಬಿದೆ. ನನ್ನ ಬುದ್ಧಿ ಆಗ ಯಾವ ಹುಲ್ಲು ಮೇಯುತ್ತಿತ್ತೋ ಆ ಶಿವನೇ ಬಲ್ಲ.

ಹನಮವ್ವ ಮಜ್ಜಿಗೆ ಕೇಳಲು ಬಂದವಳು ಗೋಡೆ ನೋಡಿ ಅಲ್ಲೇ ಕುಸಿದಳು. ಅವಳ ಹಿಂದೆ ಬಂದ ಫಾತಿಮಾಬಿಗೆ ಓದು ಬರುವುದಿಲ್ಲ, ಆದರೆ ತನ್ನ ಚಪ್ಪರ ಇಲ್ಲದ್ದು ಓದು ಬಂದವರಿಗಿಂತ ಬೇಗ ಕಂಡಿತು. ಕೆಂಪು ಕಾಟು ಸರಿಯಾಗಿ ಗಿರಣಿಯ ಬಾಗಿಲಿಗೇ ಬಿದ್ದಿದೆ, ಮಷೀನೂ ಹೋಗುತ್ತದೋ ಹೇಗೆ ಎಂದು ಆಕೆ ಕೇಳಿದಳು. ಕೃಷ್ಣಾಜಿ ಕನ್ನಡಕ ಏರಿಸಿದರು. "ಇದರಾಗ ಭಾಳ ಅದ" ಎಂದರು. ಫಾತಿಮಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಒರಗಿದಳು.

ಆಮೇಲೆ ಕೃಷ್ಣಾಜಿ ಉಪಾಯ ಹೇಳಿದರು. ಜೆಸಿಬಿ ಬಂದರೆ ಅದಕ್ಕೆ ಮೆಟ್ಟಿಲು ಯಾವುದು, ಮನೆ ಯಾವುದು ತಿಳಿಯುವುದಿಲ್ಲ, ಪಡಸಾಲೆ ಸಮೇತ ಎಳೆದುಕೊಂಡು ಹೋಗುತ್ತದೆ. ಮುಂದೆ ಚಾಚಿದ್ದನ್ನು ನಾವೇ ತೆಗೆದರೆ ಗೋಡೆಯಾದರೂ ಉಳಿಯುತ್ತದೆ. ಇದನ್ನು ಆಫೀಸಿನಲ್ಲಿ ಅವರು ಕಣ್ಣಾರೆ ಕಂಡಿದ್ದರಂತೆ. ಯಾವ ಲಕೋಟೆಯ ಮೂಲಕ ಕಂಡರೋ.

"ಕಟ್ಟಿ ಹೋದ್ರ ಅವ್ವಗ ಒಂದು ಕುರ್ಚಿ ತರಬಹುದು," ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. "ಪಡಸಾಲಿ ಹೋದ್ರ ಆಕಿನ್ನ ಎಲ್ಲೆ ಇಡ್ಲಿ? ಆಕಿ ಬರೂದ್ರಾಗ ಮುಗಸೂಣು. ನೋಡಿದ್ರ ಮುಟ್ಟಗೊಡಂಗಿಲ್ಲ."

ಹನಮವ್ವನ ಅಳಿಯನ ಟ್ರ್ಯಾಕ್ಟರ್ ತರಿಸಿ ಸರಪಳಿ ಕಟ್ಟಿದೆವು. ಕಟ್ಟೆ ಒಮ್ಮೆಗೇ ಬರಲಿಲ್ಲ. ಮೊದಲ ಸಲ ಸರಪಳಿ ಕಿತ್ತಿತು, ಎರಡನೆಯ ಸಲ ಟ್ರ್ಯಾಕ್ಟರಿನ ಮುಂದಿನ ಗಾಲಿ ಎದ್ದಿತು. ಮೂರನೆಯ ಸಲ ಆ ಕಲ್ಲುಗಳು ಒಂದೊಂದಾಗಿ ನೆಲ ಬಿಟ್ಟವು. ಕೃಷ್ಣಾಜಿ ಆ ಕಡೆ ಮುಖ ತಿರುಗಿಸಿ ನಿಂತಿದ್ದರು. ಅವರದು ಹೋದ ಮೇಲೆ ನಮ್ಮದೇನು ಎಂದು ನಾನು ಮೆಟ್ಟಿಲಿಗೆ ಹಾರೆ ಹಾಕಿದೆ. ಫಾತಿಮಾಬಿ ತಗಡು ಬಿಚ್ಚಿಸಿದಳು. ಹನಮವ್ವ ಅಳುತ್ತ ಅಳುತ್ತ ಕುಳ್ಳು ಹಿತ್ತಲಿಗೆ ಸಾಗಿಸಿದಳು. ಬಣವೆಯ ತಳದಲ್ಲಿ ನಮ್ಮ ಮನೆಯ ಒಂದು ತಂಬಿಗೆ ಸಿಕ್ಕಿತು. ಹದಿನಾರು ವರ್ಷದಿಂದ ಅದನ್ನು ಕದ್ದವರಾರೆಂದು ನನ್ನ ಹೆಂಡತಿ ಬಸವಣ್ಣೆವ್ವ ಇಡೀ ಊರನ್ನು ಬೈಯುತ್ತಿದ್ದಳು. ಆ ದಿನ ಅದನ್ನು ಕೇಳುವ ತ್ರಾಣ ಯಾರಿಗೂ ಇರಲಿಲ್ಲ. ನಾಲ್ಕೂವರೆಗೆ ಓಣಿಯ ಈ ತುದಿಯಲ್ಲಿ ನಿಂತರೆ ಆ ತುದಿಯ ಹನುಮಪ್ಪನ ಗುಡಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಈ ಓಣಿಯಲ್ಲಿದ್ದ ನಾನು ಅದನ್ನು ಇಲ್ಲಿಂದ ನೋಡಿದ್ದು ಅದೇ ಮೊದಲು.

ಐದರ ಬಸ್ಸು ಬಂತು. ಸುನಿತಾಳ ಹೆಗಲು ಹಿಡಿದು ದ್ವಾರಕಾಬಾಯಿ ಬಂದರು. ದಾರಿಯುದ್ದಕ್ಕೂ ತೊಟ್ಟಿಲಿನ ಸುದ್ದಿ ಹೇಳುತ್ತ, ನೆಲ ನೋಡಿಕೊಂಡು ಬಂದರು. ಮನೆಯ ಮುಂದೆ ಬಂದು ಎಂದಿನ ಹಾಗೆ ಬೆನ್ನು ತಿರುಗಿಸಿ, ಸೆರಗು ಸರಿಪಡಿಸಿಕೊಂಡು, ಹಿಂದೆ ನೋಡದೆ ಕೂತರು. ಅರವತ್ತೈದು ವರ್ಷಗಳ ರೂಢಿ ಅದು. ಕೂತದ್ದು ಗಾಳಿಯ ಮೇಲೆ. ಮುಜಫರ್ ಚೀಲ ಬಿಸಾಡಿ ಹಾರಿ ಬಂದು ಹಿಡಿಯದಿದ್ದರೆ ಆ ದಿನ ನಾವೆಲ್ಲ ಬೇರೆಯೇ ಕೆಲಸಕ್ಕೆ ಓಡಾಡಬೇಕಾಗುತ್ತಿತ್ತು.

ಆಕೆ ಹಿಂದೆ ತಿರುಗಿ ನೋಡಿದರು. ಬಗ್ಗಿ ಕೈಯಿಂದ ನೆಲ ಮುಟ್ಟಿದರು. ಆಮೇಲೆ ಮಗನನ್ನು ನೋಡಿದರು.

"ಕೃಷ್ಣಾ, ಕಟ್ಟಿ ಎಲ್ಲೆ ಹೋತು?"

ಕೃಷ್ಣಾಜಿ ಎಲ್ಲರನ್ನೂ ಪಡಸಾಲೆಗೆ ಕರೆದುಕೊಂಡು ಹೋಗಿ, ಗೋಡೆಗೆ ಕೋಲು ಹಚ್ಚಿ, ಬಾಣ, ಕಾಟು, ಸರ್ಕಲ್ಲು ಎಲ್ಲ ಹೇಳಿದರು. ನೀ ಬಾಯಿ ಬಿಡದಿದ್ದರೂ ನಾನು ತಿಳಿದುಕೊಂಡೆ ಎಂದು ಸಂಪದಾಳ ತಲೆ ಸವರಿದರು. ಮೂವರು ಮಕ್ಕಳೂ ಬಾಯಿ ತೆರೆದುಕೊಂಡು ನಿಂತಿದ್ದವು. ಸುನಿತಾ ಹೊರಗೆ ಹೋಗಿ ಓಣಿ ನೋಡಿ ಬಂದಳು. ಮತ್ತೆ ಹೋಗಿ ನೋಡಿ ಬಂದಳು. ಮಾತಾಡಿದ್ದು ಮುಜಫರ್, ಅದೂ ಬಹಳ ಮೆಲ್ಲಗೆ.

"ಕಾಕಾ, ಅದು ಹಿಂದಿನ ಚಿತ್ರ ಅಷ್ಟರಿ. ಅಳ್ಳಾಡೂ ಸಾಮಾನು ಬ್ಯಾರೆ ಹಾಳ್ಯಾಗ ತಗೀತೇವ್ರಿ."

ಸಂಪದಾ ಬಿಡಿಸಿ ಹೇಳಿದಳು. ಅನಿಮೇಶನ್ನಿನಲ್ಲಿ ಅಲುಗಾಡದೆ ನಿಲ್ಲುವ ಮನೆ, ಗೋಡೆ, ನೆಲ ಒಂದು ಹಾಳೆಯಲ್ಲಿ. ಅಲುಗಾಡುವುದೆಲ್ಲ ಪಾರದರ್ಶಕ ಹಾಳೆಯಲ್ಲಿ ಬೇರೆ ಬರೆದು ಅದರ ಮೇಲೆ ಇಡುವುದು. ಕೆಂಪು ಬಾಣ ತೊಟ್ಟಿಲು ಬರುವ ದಾರಿ. ಚುಕ್ಕೆಯ ಚೌಕಟ್ಟು ಪರದೆಯ ಮೇಲೆ ಕಾಣುವಷ್ಟು ಜಾಗ. ತೊಟ್ಟಿಲು ಹೊತ್ತವನು ಮಾಸ್ತರರ ಮೆಟ್ಟಿಲಿಗೆ ಎಡವುತ್ತಾನೆ, ತೊಟ್ಟಿಲು ಫಾತಿಮಾಬಿಯ ತಗಡಿಗೆ ಬಡಿಯುತ್ತದೆ, ಹನಮವ್ವನ ಬಣವೆಗೆ ತಾಕಿ ಕುಳ್ಳು ಉರುಳುತ್ತವೆ. ಕಾಟು ಹಾಕಿದ್ದು ಆ ಡಿಕ್ಕಿಗಳಿಗೆ. ಡಿಕ್ಕಿ ಹೊಡೆದಾಗ ಅಲುಗಾಡುವ ಸಾಮಾನಾದ್ದರಿಂದ ಅವನ್ನು ಬೇರೆ ಬರೆದಿದ್ದರು.

"ಕಟ್ಟಿ ಅಳ್ಳಾಡೂದಿಲ್ಲಲಾ?" ಎಂದು ಕೃಷ್ಣಾಜಿ ಕೇಳಿದರು.

ಸಂಪದಾ ತನ್ನ ಚೀಲದಿಂದ ಒಂದು ಹಾಳೆ ತೆಗೆದಳು. ಉಳಿದವೆಲ್ಲ ಪೆನ್ಸಿಲಿನವು, ಇದೊಂದಕ್ಕೆ ಮಾತ್ರ ಬಣ್ಣ ಹಚ್ಚಿದ್ದರು. ಅಷ್ಟೆಲ್ಲ ಡಿಕ್ಕಿ ತಿಂದು ಬಂದ ತೊಟ್ಟಿಲನ್ನು ಕಡೆಗೆ ಇಳಿಸುವುದು ಅಜ್ಜಿಯ ಕಟ್ಟೆಯ ಮೇಲೆ. ಅಜ್ಜಿ ಸರಿದು ಜಾಗ ಮಾಡಿಕೊಡುತ್ತಾರೆ. ಗುಂಡು ಗೆರೆ ಅದಕ್ಕೆ ಹಾಕಿದ್ದು. ಎಲ್ಲಕ್ಕೂ ಮುಖ್ಯವಾದ ಹಾಳೆ ಎಂದು ಗೋಡೆಗೆ ಹಚ್ಚದೆ ಜೋಪಾನವಾಗಿ ಜೊತೆಗೇ ಒಯ್ದಿದ್ದರು, ಬಣ್ಣಗಳನ್ನು ತೊಟ್ಟಿಲಿನ ಬಣ್ಣಕ್ಕೆ ಹೊಂದಿಸಿ ನೋಡಲು.

ಕೃಷ್ಣಾಜಿ ಕೋಲನ್ನು ಮೂಲೆಗೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟರು. ನಾನು ಮನೆಗೆ ಹೊರಟೆ. ಮೆಟ್ಟಿಲು ಇರಲಿಲ್ಲವಾದ್ದರಿಂದ ಹೊಸ್ತಿಲ ಮೇಲೆ ಎದೆ ಆನಿಸಿ ಹತ್ತಬೇಕಾಯಿತು. ಬಸವಣ್ಣೆವ್ವ ಮೇಲಿನಿಂದ ಕೈ ಹಿಡಿದು ಎಳೆದಳು.

ಮರುದಿನವೇ ಮತ್ತೆ ಕಟ್ಟಿಕೊಂಡರಾಯಿತು ಎಂದು ನಾವು ಕಲ್ಲುಗಳನ್ನು ಓಣಿಯ ಬಾಯಿಗೆ ಕೂಡಿಹಾಕಿದ್ದೆವು. ಆದರೆ ಸೋಮವಾರ ಮುಂಜಾನೆ ನಮಗಿಂತ ಮೊದಲು ಪಂಚಾಯಿತಿಯ ಪಿಡಿಒ ಭೀಮಶಿ ಸಾಹೇಬರು ಬಂದರು. ಪಾಪ, ಇನ್ನೂ ಸಣ್ಣ ವಯಸ್ಸಿನ, ಕೆಲಸದಲ್ಲಿ ಶ್ರದ್ಧೆ ಇರುವ ಮನುಷ್ಯ. ಮೋಟರ್‌ಸೈಕಲ್ ನಿಲ್ಲಿಸಿದವರು ಇಳಿಯುವುದನ್ನೇ ಮರೆತರು. ತಾನು ತಪ್ಪಿ ಬೇರೆ ಊರಿಗೆ ಬಂದೆನೋ ಎಂದು ಅವರಿಗೆ ಅನ್ನಿಸಿತಂತೆ. ಎಂಟು ವರ್ಷ, ಮೂರು ನೋಟೀಸು, ಒಂದು ಇಟ್ಟಿಗೆಯೂ ಅಲುಗಿರಲಿಲ್ಲ.

ಇದು ಯಾರ ಆದೇಶ ಎಂದು ಅವರು ಕೇಳಿದರು. ಮಕ್ಕಳ ಚಿತ್ರ ನೋಡಿ ಹೆದರಿ ಒಡೆದುಕೊಂಡೆವು ಎಂದು ಯಾವ ಬಾಯಿಂದ ಹೇಳುವುದು? ಆಗ ಕೃಷ್ಣಾಜಿ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡರು. ಅವರು ಗುಂಡಿ ಹಾಕಿಕೊಂಡಾಗಲೇ ನಾನು ತಡೆಯಬೇಕಿತ್ತು.

"ಸ್ವ-ಇಚ್ಛಾಲೆ ತಗದೇವ್ರಿ ಸಾಹೇಬ್ರ. ಊರಿನ ಹಿತ ನೋಡಬೇಕಲಾ."

ಭೀಮಶಿ ಸಾಹೇಬರ ಕಣ್ಣು ಒದ್ದೆಯಾದವು. ಅಲ್ಲೇ ನಾಲ್ಕು ಫೋಟೊ ತೆಗೆದು ಮೇಲಿನವರಿಗೆ ಕಳಿಸಿದರು. ಗುರುವಾರ ಓಣಿಯ ಬಾಯಿಗೆ 'ಒತ್ತುವರಿ ಮುಕ್ತ ಮಾದರಿ ಓಣಿ' ಎಂದು ಬೋರ್ಡು ಬಂತು. ಕಟ್ಟೆ ಇದ್ದ ಜಾಗದಲ್ಲೇ ಕೃಷ್ಣಾಜಿಯನ್ನು ನಿಲ್ಲಿಸಿ ಶಾಲು ಹೊದಿಸಿದರು. ಇನ್ನು ಮುಂದೆ ಇಲ್ಲಿ ಯಾರಾದರೂ ಒಂದು ಕಲ್ಲಿಟ್ಟರೂ ಕೇಸು ಹಾಕುತ್ತೇವೆ, ನಿಮ್ಮ ತ್ಯಾಗವನ್ನು ಹಾಳಾಗಲು ಬಿಡುವುದಿಲ್ಲ ಎಂದು ಭಾಷಣ ಮಾಡಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ತಟ್ಟದೆ ಗತಿಯಿರಲಿಲ್ಲ.

ದ್ವಾರಕಾಬಾಯಿ ಮಗನ ಜೊತೆ ಮಾತು ಬಿಟ್ಟರು. ಆದರೆ ಮೊಮ್ಮಗಳ ಕೆಲಸ ಕೆಡಗೊಡಲಿಲ್ಲ. ಬುಧವಾರದೊಳಗೆ ಸ್ಟೋರಿಬೋರ್ಡು ಮುಗಿಯಬೇಕು, ಕಟ್ಟೆಯ ಒಳಹೊರಗಿನ ಅಳತೆ ಬರೆದುಕೊಳ್ಳುವುದು ಬಾಕಿ, ನೋಡಿ ಬರೆಯೋಣವೆಂದರೆ ಕಟ್ಟೆ ಇಲ್ಲ. ಆಕೆ ಅಡುಗೆಮನೆಯ ಬಾಗಿಲಿನಲ್ಲಿ ಕೂತು ಕಣ್ಣು ಮುಚ್ಚಿ ಹೇಳುತ್ತ ಹೋದರು, ಮುಜಫರ್ ಬರೆಯುತ್ತ ಹೋದ. ಎರಡನೆಯ ಕಲ್ಲಿನ ಮೂಲೆ ಮುರಿದಿದೆ, ಕೃಷ್ಣ ಐದು ವರ್ಷದವನಿದ್ದಾಗ ಅಲ್ಲಿ ಬಿದ್ದು ಹಲ್ಲು ಮುರಿದುಕೊಂಡದ್ದು. ನಡುವೆ ಅಡಿಕೆ ಕುಟ್ಟಿ ಕುಟ್ಟಿ ಬಿದ್ದ ಕುಳಿ. ಎಡಕ್ಕೆ ಸ್ವಲ್ಪ ಇಳಿಜಾರು, ಬಟ್ಟಲು ಇಟ್ಟರೆ ಜಾರುತ್ತದೆ. ಬರೆದು ತೋರಿಸಿದರೆ ಒಂದು ಬೆರಳು ಮುಂದೆ ತಾ, ಅರ್ಧ ಬೆರಳು ಹಿಂದೆ ಸರಿಸು ಎಂದು ತಿದ್ದಿಸಿದರು. ನನ್ನ ಮೆಟ್ಟಿಲೂ ಹೀಗೇ ಬರೆಯಪ್ಪಾ ಎಂದು ನಾನು ಹೋಗಿ ಕೇಳಿದೆ. ಅದು ಅರ್ಧ ಸೆಕೆಂಡು ಕಾಣುವುದು ಸರ್, ಸಾಕು ಎಂದ. ಸ್ಟೋರಿಬೋರ್ಡು ಒಪ್ಪಿಗೆಯಾಯಿತೆಂದು ಬುಧವಾರ ಸಂಜೆ ಫೋನು ಬಂತು.

ಮಕ್ಕಳು ಹೋದ ಮೇಲೆ ದ್ವಾರಕಾಬಾಯಿ ಹೊರಗೆ ಬರುವುದನ್ನೇ ಬಿಟ್ಟರು. ಕೃಷ್ಣಾಜಿ ಪ್ಲಾಸ್ಟಿಕ್ ಕುರ್ಚಿ ತಂದರು. ಒಂದು ದಿನ ಕೂತರು. ಅಗಲವಾದ ಓಣಿಯಲ್ಲಿ ಈಗ ಟ್ರ್ಯಾಕ್ಟರುಗಳು ಓಡತೊಡಗಿದ್ದವು, ಹಾರ್ನ್ ಹೊಡೆದು ಆಕೆಯನ್ನು ಮೂರು ಸಲ ಎಬ್ಬಿಸಿದರು. ಮತ್ತೆ ಆಕೆ ಹೊಸ್ತಿಲು ದಾಟಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು. ನೋಡಲು ಹೋದರೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಓಣಿಯಲ್ಲಿ ಯಾರ ಸುದ್ದಿಯೂ ಯಾರಿಗೂ ಇಲ್ಲದಂತಾಯಿತು. ಫಾತಿಮಾಬಿಗೆ ಮೊಮ್ಮಗ ಹುಟ್ಟಿದ್ದು ನಮಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ. ನನಗಂತೂ ಭಾಳ ಕೆಡುಕೆನಿಸಿತು. ನನ್ನ ಮೆಟ್ಟಿಲಿನ ಸಿಟ್ಟು ನನಗಿದ್ದೇ ಇತ್ತು, ಆದರೆ ಕೃಷ್ಣಾಜಿ ಸಂಜೆ ಹೊತ್ತು ಆ ಖಾಲಿ ಜಾಗ ನೋಡುತ್ತ ನಿಲ್ಲುವುದನ್ನು ಕಂಡರೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಆಗಸ್ಟ್ ಹದಿನೈದಕ್ಕೆ ಝಂಡಾ ಹಾರಿಸಿದ ಮೇಲೆ ಪಂಚಾಯಿತಿಯ ಹಾಲಿನಲ್ಲಿ ದೊಡ್ಡ ಟಿವಿ ಹಚ್ಚಿ ಆ ಮಕ್ಕಳ ಚಿತ್ರ ತೋರಿಸಿದರು. ತಯಾರಾಗಿದ್ದದ್ದು ಮೊದಲ ನಲವತ್ತು ಸೆಕೆಂಡು ಮಾತ್ರ. ತಾಲ್ಲೂಕಿನಿಂದ ಒಬ್ಬರು ಅಧಿಕಾರಿಗಳು ಮುಖ್ಯ ಅತಿಥಿಯಾಗಿ ಬಂದಿದ್ದರು. ಭೀಮಶಿ ಸಾಹೇಬರೇ ಎದ್ದು ನಿಂತು, ಇದು ನಮ್ಮ ಮಾದರಿ ಓಣಿಯ ಚಿತ್ರ ಎಂದು ಪರಿಚಯ ಮಾಡಿಸಿದರು.

ಕೆಂಪು, ಹಸಿರು, ಹಳದಿ ಬಣ್ಣದ ತೊಟ್ಟಿಲು ತಲೆಯ ಮೇಲೆ ತೂಗುತ್ತ ಓಣಿಗೆ ಬಂತು. ನನ್ನ ಮೆಟ್ಟಿಲು ಬಂತು, ಹೋಯಿತು. ಕಣ್ಣು ಮಿಟುಕಿಸಿದ ಬಸವಣ್ಣೆವ್ವನಿಗೆ ಕಾಣಲೇ ಇಲ್ಲ. ತಗಡು ಢಣ್ ಎಂದಿತು, ಕುಳ್ಳು ಉರುಳಿದವು, ಹನಮವ್ವ ತನ್ನ ಕುಳ್ಳು ಎಂದು ಎದ್ದು ನಿಂತಳು. ಕಡೆಗೆ ಕಟ್ಟೆ. ಮುರಿದ ಮೂಲೆ, ಅಡಿಕೆಯ ಕುಳಿ, ಜಾರಿ ನಿಂತ ಬಟ್ಟಲು. ಚಿತ್ರದ ಅಜ್ಜಿ ಒಂದು ಮೊಳ ಸರಿದು, ಬಟ್ಟಲು ಎತ್ತಿಕೊಂಡು, ತೊಟ್ಟಿಲಿಗೆ ಜಾಗ ಮಾಡಿಕೊಟ್ಟಳು. ನನ್ನ ಬಾಜು ಕೂತಿದ್ದ ಕೃಷ್ಣಾಜಿ ಶಾಲಿನಿಂದ ಮುಖ ಒರೆಸಿಕೊಂಡರು. ಅದೇ ಶಾಲು.

ಅತಿಥಿಗಳು ಭೀಮಶಿ ಸಾಹೇಬರ ಕಡೆ ಬಾಗಿದ್ದು ಆಗ. ಕಾಗದದಲ್ಲಿ ಒತ್ತುವರಿ ಇಲ್ಲ ಎಂದು ಬರೆದಿದ್ದೀರಿ, ಇಲ್ಲಿ ಇಷ್ಟುದ್ದ ಕಟ್ಟೆ ಕಾಣುತ್ತಿದೆಯಲ್ಲ ಎಂದರು. ಅದು ಚಿತ್ರ ಸರ್ ಎಂದು ಭೀಮಶಿ ತೊದಲಿದರು. ಇಲ್ಲದ ಕಲ್ಲಿನ ಮುರಿದ ಮೂಲೆಯನ್ನು ಯಾರಾದರೂ ಚಿತ್ರದಲ್ಲಿ ಬರೆಯುತ್ತಾರೆಯೇ, ಇವತ್ತಿನ ದಿನ ತೋರಿಸಿದ ಚಿತ್ರ ಇವತ್ತಿನದಲ್ಲದೆ ಎಂದಿನದು, ಕ್ರಮ ಕೈಗೊಂಡು ವರದಿ ಕೊಡಿ ಎಂದು ಅವರು ಎದ್ದು ಹೋದರು. ಭೀಮಶಿ ಸಾಹೇಬರು ಗರಬಡಿದವರ ಹಾಗೆ ಟಿವಿಯ ಮುಂದೆಯೇ ನಿಂತಿದ್ದರು.

ಐದನೆಯ ದಿನ ಕೃಷ್ಣಾಜಿಗೆ ನೋಟೀಸು ಬಂತು. ಭೀಮಶಿ ಸಾಹೇಬರು ಸ್ವತಃ ತಂದು, ತಲೆ ತಗ್ಗಿಸಿ ಕೊಟ್ಟು, ಮೇಲಿನವರ ಬಾಯಿ ಮುಚ್ಚಿಸಲು ಒಂದು ಕಾಗದ ಬೇಕಿತ್ತು, ತಪ್ಪು ತಿಳಿಯಬೇಡಿ ಎಂದು ಹೋದರು. ಅದರಲ್ಲಿ ಹೀಗಿತ್ತು: 'ದಿನಾಂಕ ಹದಿನೈದರಂದು ಪ್ರದರ್ಶಿತವಾದ ಚಿತ್ರದಲ್ಲಿ ಕಂಡುಬಂದಂತೆ ತಮ್ಮ ಮನೆಯ ಮುಂದೆ ಸಾರ್ವಜನಿಕ ರಸ್ತೆಯಲ್ಲಿ ಕಲ್ಲಿನ ಕಟ್ಟೆ ಇರುತ್ತದೆ. ಸದರಿ ಕಟ್ಟೆಯನ್ನು ಏಳು ದಿನಗಳ ಒಳಗಾಗಿ ತೆರವುಗೊಳಿಸತಕ್ಕದ್ದು.'

ನಾನು ತಲೆಯ ಮೇಲೆ ಕೈ ಹೊತ್ತೆ. ಇಲ್ಲದ ಕಟ್ಟೆ ಕೀಳು ಎನ್ನುವ ಸರಕಾರವನ್ನು ಎಲ್ಲಿಯೂ ಕಂಡಿರಲಿಲ್ಲ. ಕೃಷ್ಣಾಜಿ ಮಾತ್ರ ನೋಟೀಸಿನ ಒಕ್ಕಣೆ ಓದಲೇ ಇಲ್ಲ. ಕನ್ನಡಕ ಏರಿಸಿ ಕಾಗದದ ಮೇಲ್ತುದಿ ನೋಡಿದರು. ಅಲ್ಲಿ ಜಾವಕ ನಂಬರು ಇತ್ತು, ದಿನಾಂಕ ಇತ್ತು, ಪಂಚಾಯಿತಿಯ ಮೊಹರಿನ ಗುಂಡು ಶಿಕ್ಕಾ ಇತ್ತು. ಆ ನಂಬರಿನ ಮೇಲೆ ಬೆರಳು ಆಡಿಸಿದರು. ಮೇ ತಿಂಗಳಿನಿಂದ ಬಾಗಿದ್ದ ಅವರ ಬೆನ್ನು ನನ್ನ ಕಣ್ಣ ಮುಂದೆಯೇ ನೆಟ್ಟಗಾಯಿತು.

"ಮಾಸ್ತರ, ಕಟ್ಟಿ ಅದ ಅಂತ ಸರಕಾರ ನಂಬರ್ ಹಾಕಿ ಬರದುಕೊಟ್ಟದ. ನಾಳೆ ಬಂದು ನೋಡಿದಾಗ ಕಟ್ಟಿ ಇಲ್ಲಂದ್ರ ಸಾಹೇಬ್ರು ಖೊಟ್ಟಿ ನೋಟೀಸ್ ಕೊಟ್ಟಂಗ ಆತು. ಪಾಪ, ಸಣ್ಣ ಹುಡುಗನ ನೌಕರಿ ಹೋಗ್ತದ."

ಭೀಮಶಿ ಸಾಹೇಬರ ನೌಕರಿ ಉಳಿಸುವ ಸಲುವಾಗಿ ನಾಲ್ಕೇ ದಿನದಲ್ಲಿ ಕಟ್ಟೆ ಕಟ್ಟಿದೆವು. ಓಣಿಯ ಬಾಯಿಗೆ ಬಿದ್ದಿದ್ದ ಅವೇ ಕಲ್ಲುಗಳು. ಅಳತೆಗೆ ಮುಜಫರನ ಹಾಳೆ ತರಿಸಿದೆವು, ಈ ಸಲ ಓದಿದವಳು ಸಂಪದಾ. ಐದನೆಯ ದಿನ ಕೃಷ್ಣಾಜಿ ಪಂಚಾಯಿತಿಗೆ ಉತ್ತರ ಬರೆದರು. ಸದರಿ ಕಟ್ಟೆಯನ್ನು ತೆರವುಗೊಳಿಸಲು ತಮ್ಮ ಅಭ್ಯಂತರವಿಲ್ಲ, ಆದರೆ ಚಿತ್ರದ ಎಷ್ಟನೆಯ ಸೆಕೆಂಡಿನಲ್ಲಿ ಕಂಡ ಕಟ್ಟೆ ಎಂಬುದನ್ನು ತಿಳಿಸಬೇಕು ಎಂದು ಒಂದು ಪತ್ರ. ಅದರ ಅಳತೆಯ ದೃಢೀಕೃತ ಪ್ರತಿ ಬೇಕೆಂದು ಇನ್ನೊಂದು. ಮೊದಲ ಎರಡು ಪತ್ರಗಳ ಸ್ವೀಕೃತಿ ಬಂದಿಲ್ಲವೆಂದು ಮೂರನೆಯದು. ಪ್ರತಿಯೊಂದಕ್ಕೂ ಆವಕ ನಂಬರು ಹಾಕಿಸಿಕೊಂಡೇ ಬಂದರು. ಮೂವತ್ತೊಂದು ವರ್ಷ ಆ ಟೇಬಲ್ಲಿನಲ್ಲಿ ಕೂತವರು, ಪತ್ರ ಎಲ್ಲಿ ಮಲಗುತ್ತದೆ, ಎಷ್ಟು ವರ್ಷ ಮಲಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಕಾಶೆಯ ಮಾತು ಬೇರೆ, ಈ ವಿದ್ಯೆಯಲ್ಲಿ ಅವರು ಅಗದಿ ಪಂಡಿತರು.

ನನಗೆ ನೋಟೀಸು ಬರಲಿಲ್ಲ. ಅರ್ಧ ಸೆಕೆಂಡಿನ ಮೆಟ್ಟಿಲು ಅತಿಥಿಗಳ ಕಣ್ಣಿಗೆ ಬಿದ್ದಿರಲಿಲ್ಲ, ತಗಡು, ಕುಳ್ಳನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಮಗೂ ಒಂದು ನೋಟೀಸು ಕೊಡ್ರಿ ಎಂದು ನಾನು, ಹನಮವ್ವ, ಫಾತಿಮಾಬಿ ಮೂವರೂ ಪಂಚಾಯಿತಿಗೆ ಹೋಗಿ ಅರ್ಜಿ ಹಾಕಿ ಬಂದಿದ್ದೇವೆ. ಭೀಮಶಿ ಸಾಹೇಬರು ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಇವತ್ತಿಗೂ ಹೊಸ್ತಿಲ ಮೇಲೆ ಎದೆ ಆನಿಸಿಯೇ ಮನೆ ಸೇರುತ್ತೇನೆ.

ಕಟ್ಟೆ ಮುಗಿದ ದಿನ ಕೃಷ್ಣಾಜಿ ಒಳಗೆ ಹೋಗಿ ತಾಯಿಯ ಕೈ ಹಿಡಿದುಕೊಂಡು ಬಂದರು. ದ್ವಾರಕಾಬಾಯಿ ನಾಲ್ಕು ಹೆಜ್ಜೆ ನಡೆದರು. ಈ ಸಲ ಹಿಂದೆ ತಿರುಗಿ, ಕೈಯಿಂದ ಒತ್ತಿ ನೋಡಿ, ಆಮೇಲೆ ಕೂತರು. ಎರಡನೆಯ ಕಲ್ಲಿನ ಮುರಿದ ಮೂಲೆಯನ್ನು ಸವರಿದರು. ಚಹಾದ ಬಟ್ಟಲು ಇಟ್ಟರೆ ಸ್ವಲ್ಪ ಜಾರಿತು. ಫಾತಿಮಾಬಿಯ ಮೊಮ್ಮಗನಿಗೆ ಏನು ಹೆಸರಿಟ್ಟರು ಎಂದು ನನ್ನನ್ನು ಕೇಳಿದರು. ಮಗನ ಕಡೆ ನೋಡಿದ್ದು ಆಮೇಲೆ. ಮೂರು ತಿಂಗಳ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಎಷ್ಟು ದಿನದಾಗ ತಗೀಬೇಕಂತ?"

"ಏಳು ದಿನದಾಗಂತ ಅವ್ವಾ."

"ಆಫೀಸಿನ ಏಳು ದಿನಾ?"

"ಹೌದವ್ವಾ."

ದ್ವಾರಕಾಬಾಯಿ ಕಾಲು ಚಾಚಿ ಸರಿಯಾಗಿ ಕೂತುಕೊಂಡರು.

"ಹಂಗಾದ್ರ ನನ್ನ ಜನ್ಮಕ್ಕ ಸಾಕಾತು ಬಿಡು."